ಫಲಿತಾಂಶವೆಂಬ ಒಂದು ಅಂಶ

ತನ್ನ ಸೋಲನ್ನು ಇದ್ದದ್ದು ಇದ್ದಂತೆ ಹೇಳುವುದು ಎಷ್ಟು ಕಷ್ಟವೆಂಬುದು ಸೋತವನಿಗೇ ಗೊತ್ತು. ಅನ್ಯರ ಸೋಲಿಗೆ ನಾವು ಕಾರಣ ಹುಡುಕುತ್ತೇವೆ. ನಮ್ಮ ಸೋಲಿಗೆ ನೆಪ ಹುಡುಕುತ್ತೇವೆ. ಕಾರಣ ಮತ್ತು ನೆಪ ಮೇಲ್ನೋಟಕ್ಕೆ ಒಂದೇ ರೂಪದವು. ಎರಡೂ ‘ಏಕೆಂದರೆ’ ಎಂಬ ಮಾತಿನಿಂದಲೇ ಆರಂಭವಾಗುತ್ತವೆ. ಆದರೆ ಒಂದು ನಮ್ಮನ್ನು ತಿದ್ದುತ್ತದೆ, ಇನ್ನೊಂದು ನಮ್ಮನ್ನು ಮುಚ್ಚುತ್ತದೆ. ಈ ಭೇದವನ್ನು ನಾನು ತಿಳಿದದ್ದು ಕೆಸರು ಮೆತ್ತಿದ ಒಂದು ಸೈಕಲ್ಲಿನಿಂದ ಮತ್ತು ಹತ್ತು ವರ್ಷದ ನನ್ನ ಮಗಳಿಂದ. ಆ ಪ್ರಸಂಗವನ್ನು ತಮ್ಮೆಲ್ಲರೊಡನೆ ಹಂಚಿಕೊಳ್ಳಬೇಕೆಂಬುದೇ ಈ ಬರಹದ ಉದ್ದೇಶ.

ನನ್ನ ಹುಟ್ಟೂರು ವಿಜಯಪುರ ಜಿಲ್ಲೆಯ ಡೋಣಿ ನದಿಯ ದಂಡೆಯ ಒಂದು ಹಳ್ಳಿ. ಅದು ಎರೆಭೂಮಿಯ ಸೀಮೆ. ಮಳೆ ಬಿದ್ದರೆ ಆ ಮಣ್ಣು ನಡೆಯುವವನ ಕಾಲನ್ನೂ ಬಿಡದು, ಚಕ್ಕಡಿಯ ಗಾಲಿಯನ್ನೂ ಬಿಡದು. ಶಾಲೆಯಿಂದ ಸೈಕಲ್ ಮೇಲೆ ಬರುವಾಗ ಹತ್ತು ಮಾರು ಹೋಗುವಷ್ಟರಲ್ಲಿ ಗಾಲಿ ಮತ್ತು ಮಡ್‌ಗಾರ್ಡಿನ ನಡುವೆ ಮಣ್ಣು ಗಟ್ಟಿಯಾಗಿ ಕಚ್ಚಿಕೊಳ್ಳುತ್ತಿತ್ತು. ಇಳಿದು, ಜಾಲಿಯ ಕಡ್ಡಿಯಿಂದ ಕೆದರಿ, ಕೊನೆಗೆ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತು ಮನೆ ಸೇರುತ್ತಿದ್ದೆವು. ಸೈಕಲ್ ಸ್ಪರ್ಧೆಯೂ ನಮ್ಮ ಭಾಗಕ್ಕೆ ಹೊಸತಲ್ಲ. ವಿಜಯಪುರ, ಬಾಗಲಕೋಟೆ, ಗದಗ, ಬೆಳಗಾವಿ ಜಿಲ್ಲೆಗಳು ರಾಷ್ಟ್ರಮಟ್ಟದ ಸೈಕಲ್ ಪಟುಗಳನ್ನು ನೀಡಿವೆ. ನಮ್ಮ ತಂದೆಯವರು ತಾರುಣ್ಯದಲ್ಲಿ ಊರ ಜಾತ್ರೆಯ ಸೈಕಲ್ ಓಟದಲ್ಲಿ ಗೆದ್ದು ತಂದ ಹಿತ್ತಾಳೆಯ ಕೊಡ ಇಂದಿಗೂ ಮನೆಯ ನಡುಮನೆಯಲ್ಲಿದೆ. ‘ಅಪ್ಪ ಒಂದನೇ ನಂಬರ್ ಬಂದ ಕೊಡ’ ಎಂದೇ ನಾವು ಮಕ್ಕಳು ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದೆವು.

ಉದ್ಯೋಗದ ನಿಮಿತ್ತ ನಾನು ಹಲವು ವರ್ಷಗಳಿಂದ ಬೆಲ್ಜಿಯಂ ದೇಶದ ಲ್ಯೂವೆನ್ ನಗರದಲ್ಲಿ ನೆಲೆಸಿದ್ದೇನೆ. ಅಲ್ಲಿನ ಫ್ಲಾಂಡರ್ಸ್ ಪ್ರಾಂತ್ಯದಲ್ಲಿ ಸೈಕಲ್ಲೆಂದರೆ ಜನರಿಗೆ ಪ್ರಾಣ. ಬೇಸಿಗೆಯಲ್ಲಿ ರಸ್ತೆಯ ಸ್ಪರ್ಧೆಗಳು ನಡೆದರೆ, ಶರತ್ಕಾಲದಿಂದ ಮಾಘದ ಚಳಿಯವರೆಗೆ ಸೈಕ್ಲೋ-ಕ್ರಾಸ್ ನಡೆಯುತ್ತದೆ. ಅವರ ಭಾಷೆಯಲ್ಲಿ ಅದಕ್ಕೆ ‘ವೆಲ್ಟ್‌ರೈಡನ್’ ಎಂದು ಹೆಸರು. ‘ವೆಲ್ಟ್’ ಎಂದರೆ ಹೊಲ, ‘ರೈಡನ್’ ಎಂದರೆ ಸವಾರಿ. ಹೊಲದಲ್ಲಿ ಸೈಕಲ್ ಓಡಿಸುವುದೇ ಒಂದು ಕ್ರೀಡೆಯೆಂದು ಮೊದಲ ಬಾರಿ ಕೇಳಿದಾಗ ನನಗೆ ನಗು ಬಂದಿತ್ತು. ಬಾಲ್ಯದಲ್ಲಿ ನಾವು ನಿತ್ಯವೂ ಮಾಡುತ್ತಿದ್ದ ಕೆಲಸವದು!

ಈ ಕ್ರೀಡೆಯ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು. ಫ್ರಾನ್ಸ್ ದೇಶದಲ್ಲಿ 1902ರಲ್ಲಿ ಇದರ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆಯಿತು. 1950ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಎರಡೂವರೆಯಿಂದ ಮೂರೂವರೆ ಕಿಲೋಮೀಟರಿನ ಒಂದು ವರ್ತುಲವನ್ನು ಹುಲ್ಲುಗಾವಲು, ತೋಪು, ಮರಳು, ಇಳಿಜಾರುಗಳ ಮೂಲಕ ಗುರುತಿಸಿರುತ್ತಾರೆ. ಅದನ್ನು ಮತ್ತೆ ಮತ್ತೆ ಸುತ್ತಬೇಕು. ಪುರುಷರ ಮೇಲ್ಮಟ್ಟದ ಸ್ಪರ್ಧೆ ಸುಮಾರು ಒಂದು ಗಂಟೆಯದು. ನನ್ನಂತಹ ನಲವತ್ತು ದಾಟಿದ ಹವ್ಯಾಸಿಗಳದು ನಲವತ್ತು ನಿಮಿಷದ್ದು. ದಾರಿಗೆ ಅಡ್ಡಲಾಗಿ ಮೊಣಕಾಲೆತ್ತರದ ಹಲಗೆಗಳಿರುತ್ತವೆ, ಮೆಟ್ಟಿಲುಗಳಿರುತ್ತವೆ. ಅಲ್ಲಿ ಇಳಿದು ಸೈಕಲ್ಲನ್ನು ಎತ್ತಿಕೊಂಡು ಓಡಬೇಕು. ಅಂತರರಾಷ್ಟ್ರೀಯ ನಿಯಮದಂತೆ ಟಯರಿನ ಅಗಲ 33 ಮಿಲಿಮೀಟರ್ ಮೀರುವಂತಿಲ್ಲ. ಅಷ್ಟು ಕಿರಿದಾದ ಟಯರಿನಲ್ಲಿ ಕೆಸರನ್ನು ದಾಟಬೇಕಾದರೆ ಗಾಳಿಯ ಪ್ರಮಾಣವೇ ಮುಖ್ಯ. ನೆಲ ಒಣಗಿದ್ದರೆ ಗಾಳಿ ಹೆಚ್ಚು, ಕೆಸರಾದರೆ ಕಡಿಮೆ. ಆದ್ದರಿಂದಲೇ ಅನುಭವಿಗಳು ಸ್ಪರ್ಧೆಗೆ ಮುನ್ನ ಆ ದಾರಿಯನ್ನು ಒಮ್ಮೆಯಲ್ಲ, ಎರಡು ಮೂರು ಬಾರಿ ಸುತ್ತಿ ನೋಡುತ್ತಾರೆ.

ನನಗೆ ಈ ಕ್ರೀಡೆ ಹಿಡಿಸಿತು. ಸಮೀಪದ ಹಳ್ಳಿಯೊಂದರ ವಾರ್ಷಿಕ ಸ್ಪರ್ಧೆಯಲ್ಲಿ 2022ರಲ್ಲಿ ನಾನು ಹದಿನಾಲ್ಕನೆಯವನಾದೆ. ಮೂವತ್ತಾರು ಜನರಲ್ಲಿ ಹದಿನಾಲ್ಕನೆಯ ಸ್ಥಾನವೆಂಬುದು ದೊಡ್ಡದೇನಲ್ಲ. ಆದರೆ ಆಸೆಗೆ ಅಷ್ಟೇ ಸಾಕಾಯಿತು. ಮರುವರ್ಷ ಮೊದಲ ಹತ್ತರೊಳಗೆ ಬರಬೇಕೆಂದು ನಿಶ್ಚಯಿಸಿದೆ. ಬೆಳಗಿನ ನಾಲ್ಕೂವರೆಗೆ ಎದ್ದು ಅಭ್ಯಾಸ ಮಾಡಿದೆ. ಸಿಹಿ ಬಿಟ್ಟೆ. ಶನಿವಾರದ ಅಪರಾಹ್ನಗಳನ್ನು ಮಗಳಿಗೆ ಕೊಡುವ ಬದಲು ಕಾಡಿನ ದಾರಿಗೆ ಕೊಟ್ಟೆ. ಇವೆಲ್ಲಕ್ಕಿಂತ ದೊಡ್ಡ ತಪ್ಪೊಂದನ್ನು ಮಾಡಿದೆ: ಬರುವ ಫಲವನ್ನು ಬರುವ ಮುನ್ನವೇ ಊರಿಗೆ ಫೋನಿನಲ್ಲಿ ಹೇಳಿಬಿಟ್ಟೆ. “ಈ ಸಲ ಹತ್ತರೊಳಗ ಬರ್ತೀನಪ್ಪಾ” ಎಂದೆ. ಎಪ್ಪತ್ತೆಂಟರ ತಂದೆಯವರು ಆ ಮಾತನ್ನು ಇಡೀ ಓಣಿಗೆ ಹೇಳಿದರು.

2023ರ ಡಿಸೆಂಬರ್ ತಿಂಗಳ ಒಂದು ಭಾನುವಾರ ಸ್ಪರ್ಧೆ. ಬೆಳಿಗ್ಗೆ ಹೋದಾಗ ನೆಲ ಗಟ್ಟಿಯಾಗಿತ್ತು. ಒಂದು ಸುತ್ತು ಹಾಕಿ ನೋಡಿ, ಟಯರಿಗೆ ಗಟ್ಟಿಯಾಗಿ ಗಾಳಿ ತುಂಬಿದೆ. ಹನ್ನೊಂದರ ಸುಮಾರಿಗೆ ಮಳೆ ಆರಂಭವಾಯಿತು. ಉಳಿದವರು ಮಳೆಯಲ್ಲೇ ಮತ್ತೆ ದಾರಿ ನೋಡಲು ಹೊರಟರು. ಬಗ್ಗಿ ನಿಂತು ಟಯರನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಗಾಳಿ ಬಿಟ್ಟರು. ನಾನು ಕಾರಿನಲ್ಲಿ ಬೆಚ್ಚಗೆ ಕುಳಿತಿದ್ದೆ. ‘ಕೆಸರು ನನಗೇನು ಹೊಸತೇ? ನಾನು ಎರೆಮಣ್ಣಿನ ಮಗ’ ಎಂಬ ಭಾವ ನನ್ನದು.

ಸೀಟಿ ಊದಿದಾಗ ಉತ್ಸಾಹದಿಂದ ಮುನ್ನುಗ್ಗಿ ಮೊದಲ ತಿರುವಿಗೆ ಎಂಟನೆಯವನಾಗಿ ತಲುಪಿದೆ. ಆ ಕ್ಷಣದ ಸಂತೋಷವನ್ನು ಸುಳ್ಳೆನ್ನಲಾರೆ. ಆದರೆ ಮೊದಲ ಸುತ್ತು ಮುಗಿಯುವ ಮುನ್ನವೇ ಉಸಿರು ಕಟ್ಟಿತು. ಓರೆಯಾದ ಇಳಿಜಾರಿನ ಹುಲ್ಲು ಆಗಲೇ ಬೆಣ್ಣೆಯಂತಾಗಿತ್ತು. ಬಿಗಿದ ಟಯರು ಜಾರಿತು, ಬಿದ್ದೆ. ಎದ್ದೆ. ಎರಡನೆಯ ಸುತ್ತಿನಲ್ಲಿ ಅದೇ ಜಾಗದಲ್ಲಿ ಮತ್ತೆ ಬಿದ್ದೆ. ಈ ಬಾರಿ ಚೈನು ಕಳಚಿತು. ನಡುಗುವ ಬೆರಳುಗಳಿಂದ ಅದನ್ನು ಹಲ್ಲಿಗೆ ಕೂರಿಸಿ ಹೊರಡಲು ಅರ್ಧ ನಿಮಿಷ ಹಿಡಿದಿರಬಹುದು. ಅಷ್ಟರಲ್ಲಿ ಏಳೆಂಟು ಜನ ದಾಟಿ ಹೋದರು. ಉಳಿದವರು ಚೈನು ನೆಟ್ಟಗಿದ್ದಾಗಲೇ, ಮುಂದಿನ ಸುತ್ತುಗಳಲ್ಲಿ, ಒಬ್ಬೊಬ್ಬರಾಗಿ ದಾಟಿದರು. ನಾಲ್ಕನೆಯ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದವನು ಹಿಂದಿನಿಂದ ಬಂದು ನನ್ನನ್ನೂ ದಾಟಿದ. ಅಂದರೆ ನಾನು ಒಂದು ಪೂರ್ಣ ಸುತ್ತು ಹಿಂದೆ ಉಳಿದಿದ್ದೆ. ಸೈಕಲ್ ಬದಲಾಯಿಸುವ ಜಾಗದ ಹಗ್ಗದ ಬಳಿ ನನ್ನ ಮಗಳು ಒಣ ಜಾಕೀಟನ್ನು ಎದೆಗವಚಿಕೊಂಡು ನಿಂತಿದ್ದಳು. ಅಲ್ಲಿ ಇಳಿದುಬಿಡೋಣವೆನಿಸಿತು. ಅವಳೆದುರು ಇಳಿಯಲು ನಾಚಿಕೆಯಾಗಿ ಮುಂದೆ ಸಾಗಿದೆ. ಮೂವತ್ತೊಂದನೆಯ ಸ್ಥಾನ ಬಂತು.

ಮನೆಗೆ ಬಂದಾಗ ಸಂಜೆ ಐದು ಗಂಟೆ. ಊರಿನಲ್ಲಿ ಆಗ ರಾತ್ರಿ ಒಂಬತ್ತೂವರೆ. ಎಂಟಕ್ಕೇ ಮಲಗುವ ತಂದೆಯವರು ಎದ್ದು ಕುಳಿತು ಫೋನಿಗಾಗಿ ಕಾಯುತ್ತಿದ್ದರು.

“ಎಷ್ಟನೇ ನಂಬರ್ ಬಂತು ತಮ್ಮಾ?” ಎಂದರು.

“ಚೈನ್ ಹರೀತಪ್ಪಾ. ಇಲ್ಲಂದ್ರ ಹತ್ತರೊಳಗ ಇದ್ದೆ” ಎಂದೆ.

ಒಂದು ಕ್ಷಣ ಅವರು ಸುಮ್ಮನಿದ್ದರು. “ಹೋಗ್ಲಿ ಬಿಡು. ಸೈಕಲ್ ಕೈ ಕೊಟ್ರ ನೀ ಏನ್ ಮಾಡ್ತಿ? ಉಂಡು ಮಲ್ಕೋ” ಎಂದರು.

ಬಂಧುಗಳೇ, ಆ ಮಾತನ್ನು ಗಮನಿಸಿ. ಚೈನು ಕಳಚಿದ್ದು ನಿಜ. ಅದು ಹರಿಯಿತೆಂದದ್ದು ಸುಳ್ಳು. ಎರಡರ ನಡುವಿನ ಅಂತರ ಒಂದೇ ಪದದ್ದು. ಆದರೆ ಆ ಒಂದು ಪದದಲ್ಲಿ ನನ್ನ ಸೋಲೆಲ್ಲವೂ ಸೈಕಲ್ಲಿನ ಸೋಲಾಗಿ ಮಾರ್ಪಟ್ಟಿತು. ಪೂರ್ಣ ಸುಳ್ಳು ಹೇಳಲು ನಮ್ಮಂಥವರಿಗೆ ಧೈರ್ಯವಿರುವುದಿಲ್ಲ. ಸತ್ಯದ ಒಂದು ಚೂರನ್ನು ಹಿಡಿದು ನಮಗೆ ಬೇಕಾದಷ್ಟು ಹಿಗ್ಗಿಸುತ್ತೇವೆ, ಹಾಗೆ ಹಿಗ್ಗಿಸಿದ್ದನ್ನು ಕೊನೆಗೆ ನಾವೇ ನಂಬುತ್ತೇವೆ. ಆ ರಾತ್ರಿ ಮಲಗುವ ಹೊತ್ತಿಗೆ ಚೈನು ಹರಿದದ್ದು ನನ್ನ ಕಣ್ಣಿಗೂ ಕಾಣುತ್ತಿತ್ತು!

ಮರುದಿನ ಸಂಜೆ ಅಂಗಳದಲ್ಲಿ ಸೈಕಲ್ ತೊಳೆಯತೊಡಗಿದೆ. ಮಗಳು ಬಕೆಟಿನಿಂದ ನೀರು ಕೊಡುತ್ತಿದ್ದಳು. ಒಣಗಿದ ಕೆಸರನ್ನು ಬ್ರಷ್ಷಿನಿಂದ ಉಜ್ಜಿ ಉಜ್ಜಿ ತೆಗೆದಾಗ ಚೈನು ಬೆಳ್ಳಗೆ, ಅಖಂಡವಾಗಿ ಹೊರಬಂತು. ಅವಳು ಅದನ್ನು ಬೆರಳಿನಿಂದ ಒಂದು ಸುತ್ತು ಪೂರ್ತಿ ತಿರುಗಿಸಿ ನೋಡಿದಳು.

“ಅಪ್ಪಾ, ಇದು ಹರಿದಿಲ್ಲಲ್ಲ? ಅಜ್ಜಂಗೆ ಯಾಕ ಹಂಗ ಹೇಳಿದ್ರಿ?” ಎಂದಳು.

ಆಕ್ಷೇಪಣೆಯ ದನಿಯಲ್ಲ ಅದು. ನಿಜವಾಗಿಯೂ ತಿಳಿಯದೆ ಕೇಳಿದ ಪ್ರಶ್ನೆ. ನಾನು ಉತ್ತರಿಸಲಿಲ್ಲ, “ನೀರು ಹಾಕು” ಎಂದೆ. ಬಹಿರಂಗದ ಕೆಸರು ಒಂದು ಬಕೆಟ್ ನೀರಿಗೆ ಹೋಯಿತು. ಅಂತರಂಗದ್ದಕ್ಕೆ ಒಂದು ವಾರ ಬೇಕಾಯಿತು.

ಆ ವಾರವೆಲ್ಲ ‘ಫಲಿತಾಂಶ’ ಎಂಬ ಪದವೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ನಾವು ಪರೀಕ್ಷೆಗೂ ಚುನಾವಣೆಗೂ ಪಂದ್ಯಕ್ಕೂ ಈ ಪದವನ್ನು ಬಳಸುತ್ತೇವೆ, ಬಿಡಿಸಿ ನೋಡುವುದಿಲ್ಲ. ಫಲಿತ ಎಂದರೆ ಫಲವಾದದ್ದು. ಅಂಶ ಎಂದರೆ ಭಾಗ. ಫಲಿತಾಂಶವೆಂದರೆ ಫಲವಾಗಿ ಕಣ್ಣಿಗೆ ಬಿದ್ದ ಒಂದು ಭಾಗ. ಎಷ್ಟು ವಿವೇಕದ ಪದವಿದು! ಹೊಲದಲ್ಲಿ ಬಿತ್ತಿದ್ದೆಲ್ಲವೂ ತೆನೆಯಾಗಿ ರಾಶಿಗೆ ಬರುವುದಿಲ್ಲ. ಕೆಲವು ಕಾಳು ಹಕ್ಕಿಗೆ, ಕೆಲವು ಹುಳಕ್ಕೆ. ಬೇರು ನೆಲದಲ್ಲೇ ಉಳಿಯುತ್ತದೆ, ದಂಟು ದನಕ್ಕೆ ಮೇವಾಗುತ್ತದೆ. ರಾಶಿಯನ್ನಷ್ಟೇ ಅಳೆದು ಇಡೀ ಬೇಸಾಯವೇ ಇಷ್ಟು ಎನ್ನಲಾಗದು. ಹಾಗೆಂದು ರಾಶಿಯ ಅಳತೆಯನ್ನು ಸುಳ್ಳು ಹೇಳಲೂ ಆಗದು. ನಿರಾಶನಾದ ಮನುಷ್ಯ ಈ ಎರಡು ತಪ್ಪುಗಳಲ್ಲಿ ಒಂದನ್ನು ಮಾಡುತ್ತಾನೆ. ಅಂಶವನ್ನೇ ಪೂರ್ಣವೆಂದು ತಿಳಿದು ‘ನಾನು ಯಾವುದಕ್ಕೂ ಬಾರದವನು’ ಎಂದು ಕುಗ್ಗುತ್ತಾನೆ. ಇಲ್ಲವೇ ಅಂಶವನ್ನು ಒಪ್ಪದೆ ನೆಪದ ಹೊದಿಕೆ ಹೊದಿಸುತ್ತಾನೆ. ನಾನು ಮೊದಲು ಎರಡನೆಯ ತಪ್ಪನ್ನು ಮಾಡಿದೆ, ಮಗಳು ಕೇಳಿದ ಮೇಲೆ ಮೊದಲನೆಯದನ್ನೂ ಮಾಡಿದೆ. ಸೈಕಲ್ಲನ್ನು ಮಾರಿಬಿಡೋಣವೆಂಬವರೆಗೂ ಯೋಚನೆ ಹೋಯಿತು.

ಗುರುವಾರ ರಾತ್ರಿ ಒಂದು ಹಾಳೆ ತೆಗೆದುಕೊಂಡು ಲೆಕ್ಕ ಬರೆಯಲು ಕುಳಿತೆ. ಚೈನು ಕಳಚಿದ್ದರಿಂದ ಹೋದದ್ದು ಅರ್ಧ ನಿಮಿಷ. ಆದರೆ ಮುಂದಿನವನಿಗಿಂತ ನಾನು ಹಿಂದೆ ಉಳಿದದ್ದು ಒಂದು ಪೂರ್ಣ ಸುತ್ತು, ಅಂದರೆ ಏಳು ನಿಮಿಷಕ್ಕೂ ಮಿಕ್ಕು. ಉಳಿದದ್ದೆಲ್ಲಿ ಹೋಯಿತು? ಮಳೆಯ ನಂತರ ದಾರಿ ನೋಡದೆ ಕುಳಿತದ್ದು ಸೋಮಾರಿತನ. ಗಾಳಿ ಬಿಡದೆ ಹೋದದ್ದು ಅಹಂಕಾರ. ಮೊದಲ ತಿರುವಿಗೆ ಶಕ್ತಿಮೀರಿ ನುಗ್ಗಿದ್ದು ದುರಾಸೆ. ಮಳೆ ಬಂದದ್ದು ಮಾತ್ರ ಯಾರ ಕೈಯಲ್ಲೂ ಇರಲಿಲ್ಲ, ಆದರೆ ಆ ಮಳೆ ಮೂವತ್ತಾರು ಜನರ ಮೇಲೂ ಸಮನಾಗಿ ಬಿದ್ದಿತ್ತು. ಕೊನೆಗೆ ಇನ್ನೊಂದು ಸಾಲು ಬರೆದೆ, ಅದನ್ನು ಬರೆಯಲೇ ಬಹಳ ಹೊತ್ತು ಹಿಡಿಯಿತು: ನನಗಿಂತ ಮುಂದೆ ಬಂದವರಲ್ಲಿ ಬಹುಪಾಲು ಜನ ನನಗಿಂತ ಚೆನ್ನಾಗಿ ಓಡಿಸುವವರು. ಈ ಸಾಲನ್ನು ಬರೆದ ಮೇಲೆ ಆಶ್ಚರ್ಯವೆಂಬಂತೆ ಮನಸ್ಸು ಹಗುರಾಯಿತು. ಏಕೆಂದರೆ ಲೆಕ್ಕ ಕೂಡಿತು. ಕೂಡದ ಲೆಕ್ಕವನ್ನು ಎದೆಯಲ್ಲಿಟ್ಟುಕೊಂಡು ತಿರುಗುವುದೇ ನಿರಾಶೆಯ ನಿಜವಾದ ಭಾರವೆಂದು ಆಗ ತಿಳಿಯಿತು.

ಈ ಕ್ರೀಡೆಯ ಮಹಾಸಾಧಕರ ಬದುಕನ್ನು ನೋಡಿದರೂ ಇದೇ ಕಾಣುತ್ತದೆ. ಬೆಲ್ಜಿಯಂನ ಸ್ವೆನ್ ನೈಸ್ ತಮ್ಮ ಕಾಲದ ಅಗ್ರಗಣ್ಯ ಸೈಕ್ಲೋ-ಕ್ರಾಸ್ ಪಟು. ಋತುವಿಡೀ ನಡೆಯುವ ಸರಣಿಗಳಲ್ಲಿ ಗೆಲ್ಲುತ್ತಿದ್ದ ಅವರಿಗೆ ವಿಶ್ವ ಚಾಂಪಿಯನ್ ಪಟ್ಟ ಮಾತ್ರ ಸುಲಭವಾಗಿ ಒಲಿಯಲಿಲ್ಲ. 2005ರಲ್ಲಿ ಒಮ್ಮೆ ಗೆದ್ದ ಅವರು ಮತ್ತೆ ಗೆದ್ದದ್ದು ಎಂಟು ವರ್ಷಗಳ ನಂತರ, 2013ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ. ನೆದರ್ಲೆಂಡ್ಸಿನ ಮರಿಯಾನ್ನೆ ವೋಸ್ 2009ರಿಂದ 2014ರವರೆಗೆ ಸತತವಾಗಿ ಆರು ಬಾರಿ ವಿಶ್ವ ಚಾಂಪಿಯನ್ ಆದವರು. ಅವರ ಮುಂದಿನ ಪಟ್ಟಕ್ಕೂ ಎಂಟು ವರ್ಷ ಕಾಯಬೇಕಾಯಿತು. 2022ರಲ್ಲಿ ಅದು ಬಂತು. ಕಾಯುತ್ತಿದ್ದ ಆ ಎಂಟು ವರ್ಷಗಳಲ್ಲಿ ಅವರು ಸೋತವರೇ, ಸಾಧಕರೇ? ನಾವೇ ವಿಚಾರಿಸಬೇಕು.

ಇನ್ನೊಂದು ನಿದರ್ಶನ ನನ್ನ ಪ್ರಸಂಗಕ್ಕೆ ಹೆಚ್ಚು ಸಮೀಪದ್ದು. ಮಾಥ್ಯೂ ವಾನ್ ಡರ್ ಪೂಲ್ ಇಪ್ಪತ್ತರ ಹರೆಯದಲ್ಲೇ, 2015ರಲ್ಲಿ, ವಿಶ್ವ ಚಾಂಪಿಯನ್ ಆದರು. 2017ರಲ್ಲಿ ಲಕ್ಸೆಂಬರ್ಗಿನಲ್ಲಿ ಅವರ ಟಯರುಗಳು ಮತ್ತೆ ಮತ್ತೆ ಪಂಕ್ಚರ್ ಆದವು. ವೌಟ್ ವಾನ್ ಆರ್ಟ್ ಗೆದ್ದರು. ಮರುವರ್ಷ ಸ್ವದೇಶದ ವಾಲ್ಕೆನ್‌ಬರ್ಗಿನಲ್ಲಿ, ತಮ್ಮ ಜನರ ಎದುರಿಗೆ, ಅವರು ಮೂರನೆಯವರಾದರು; ಆ ದಿನ ವಾನ್ ಆರ್ಟ್ ಅವರನ್ನು ತಡೆಯುವವರಿರಲಿಲ್ಲ. ಮೊದಲ ಸೋಲಿನಲ್ಲಿ ಟಯರಿನ ಪಾಲಿದೆ. ಎರಡನೆಯದು ಎದುರಾಳಿಯ ಸಾಮರ್ಥ್ಯದ್ದು. ಎರಡನ್ನೂ ಆಯಾ ಖಾತೆಗೇ ಬರೆಯಬೇಕು. ಪಂಕ್ಚರಿನ ಸೋಲಿಗೆ ತನ್ನನ್ನು ಹಳಿದುಕೊಳ್ಳುವುದೂ ತಪ್ಪು, ಸಾಮರ್ಥ್ಯದ ಸೋಲಿಗೆ ಪಂಕ್ಚರನ್ನು ಹುಡುಕುವುದೂ ತಪ್ಪು. ವಾನ್ ಡರ್ ಪೂಲ್ 2019ರಲ್ಲಿ ಡೆನ್ಮಾರ್ಕಿನಲ್ಲಿ ಪಟ್ಟವನ್ನು ಮರಳಿ ಪಡೆದರು. ಮುಂದೆ 2020, 2021, 2023, 2024, 2025ರಲ್ಲಿಯೂ ಗೆದ್ದರು. ನಮಗೆ ಅಂತಹ ಗೆಲುವು ಬರಲೇಬೇಕೆಂದಿಲ್ಲ. ಲೆಕ್ಕ ಬರೆಯುವ ವಿಧಾನವನ್ನಷ್ಟೇ ಅಲ್ಲಿಂದ ಕಲಿತರೆ ಸಾಕು.

ಮರುಭಾನುವಾರ ಬಂತು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರಿಗೆ ಫೋನ್ ಮಾಡಿದೆ. ಅವಳ ಎದುರಿಗೇ ಹೇಳಬೇಕಿತ್ತು. ಏಕೆಂದರೆ ಸುಳ್ಳು ಹೇಳಿದ್ದೂ ಅವಳ ಎದುರಿಗೇ.

“ಅಪ್ಪಾ, ಅವತ್ತು ಚೈನ್ ಹರಿದಿರಲಿಲ್ಲ. ಕಳಚಿತ್ತು, ಅಷ್ಟ. ಹಾಕ್ಕೊಂಡು ಓಡಿಸಿದೆ. ಮೂವತ್ತೊಂದನೇ ನಂಬರ್ ಬಂದೆ. ನನಗ ಆಗಲಿಲ್ಲ” ಎಂದೆ.

ಅತ್ತ ಕಡೆಯಿಂದ ನಗು ಕೇಳಿಸಿತು. “ನನಗ ಅವತ್ತೇ ಗೊತ್ತಾಗಿತ್ತು ತಮ್ಮಾ. ಚೈನ್ ಹರಿದ್ರ ಸೈಕಲ್ ಹೊತ್ಕೊಂಡ ಬರಬೇಕಲ್ಲ? ನೀ ಎಲ್ಲಿ ತನಕ ಹೊತ್ತಿ, ಎಷ್ಟು ಭಾರ ಆತು, ಒಂದ್ ಮಾತೂ ಹೇಳಲಿಲ್ಲ. ಹೊತ್ತವ ಅದನ್ನ ಮೊದಲ ಹೇಳ್ತಾನ.”

ಸ್ವಲ್ಪ ತಡೆದು ಅವರೇ ಮುಂದುವರಿಸಿದರು. “ಮನ್ಯಾಗಿನ ಕೊಡ ಐತಲ್ಲ, ಅದು ಎರಡನೇ ನಂಬರಿಂದು. ಒಂದನೇ ನಂಬರಿಗೆ ಹಂಡೆ ಕೊಟ್ಟಿದ್ರು. ನಾ ಯಾವತ್ತೂ ಒಂದನೇ ನಂಬರ್ ಬಂದೆ ಅಂತ ಹೇಳಿಲ್ಲ. ನೀವು ಹುಡುಗರು ಅಂದ್ರಿ, ನಾ ಸುಮ್ಮನಿದ್ದೆ. ಐವತ್ತು ವರ್ಷ ಸುಮ್ಮನಿದ್ದೆ ನೋಡು.”

ನಾನು ಏನೂ ಹೇಳಲಾರದಾದೆ. ಮಗಳು ಮಾತ್ರ ಫೋನನ್ನು ತನ್ನತ್ತ ಎಳೆದುಕೊಂಡು, “ಅಜ್ಜಾ, ಎರಡನೇ ನಂಬರೂ ಭಾಳ ಚಲೋನೇ. ಅಪ್ಪ ಮೂವತ್ತೊಂದು” ಎಂದಳು. ಮೂವರೂ ನಕ್ಕೆವು. ಆ ನಗುವಿನಲ್ಲಿ ಮೂವತ್ತೊಂದು ಎಂಬ ಸಂಖ್ಯೆ ತನ್ನ ಗಾತ್ರಕ್ಕೆ ಮರಳಿತು.

ಅದೇ ಋತುವಿನಲ್ಲಿ, ಜನವರಿಯಲ್ಲಿ, ಇನ್ನೊಂದು ಹಳ್ಳಿಯ ಸ್ಪರ್ಧೆಗೆ ಹೋದೆ. ಮಳೆಯಲ್ಲಿ ಮೂರು ಬಾರಿ ದಾರಿ ನೋಡಿದೆ. ಟಯರಿನ ಗಾಳಿಯನ್ನು ಹೆಬ್ಬೆರಳಿನಿಂದ ಒತ್ತಿ ಮಗಳೇ ಪರೀಕ್ಷಿಸಿದಳು. ಯಾರಿಗೂ ಮುಂಚಿತವಾಗಿ ಏನನ್ನೂ ಹೇಳಿರಲಿಲ್ಲ. ಇಪ್ಪತ್ತಾರನೆಯವನಾದೆ. ಒಮ್ಮೆಯೂ ಬೀಳಲಿಲ್ಲ, ಕೊನೆಯ ಸುತ್ತಿನಲ್ಲಿ ನನ್ನ ಮುಂದಿದ್ದ ಒಬ್ಬನನ್ನು ಓರೆಯ ಇಳಿಜಾರಿನಲ್ಲೇ ದಾಟಿದೆ. ಅಂದು ಸಂಜೆ ಫೋನಿನಲ್ಲಿ ತಂದೆಯವರು ನಂಬರ್ ಕೇಳುವ ಮುನ್ನ ಕೇಳಿದ್ದು, “ಕೆಸರ ಹೆಂಗಿತ್ತು?” ಎಂದು. ಅರ್ಧ ಗಂಟೆ ಅದನ್ನೇ ಮಾತನಾಡಿದೆವು. ಅಲ್ಲಿಯ ಕೆಸರು ಜಾರುತ್ತದೆ, ನಮ್ಮ ಎರೆ ಹಿಡಿಯುತ್ತದೆ ಎಂಬ ವ್ಯತ್ಯಾಸ ಅವರಿಗೆ ಬಹಳ ಹಿಡಿಸಿತು. ನಂಬರ್ ಹೇಳಲು ಇಬ್ಬರಿಗೂ ಮರೆತುಹೋಗಿತ್ತು. ಫೋನ್ ಇಡುವ ಮುನ್ನ ಮಗಳೇ ನೆನಪಿಸಿದಳು.

ಆತ್ಮೀಯರೇ, ನಮ್ಮಲ್ಲಿ ಬಹುಪಾಲು ಜನ ಸೈಕಲ್ ಸ್ಪರ್ಧೆಗೆ ಹೋಗುವವರಲ್ಲ. ಆದರೆ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದ ಮಗು, ಬಡ್ತಿ ತಪ್ಪಿದ ನೌಕರ, ಬೆಳೆ ಕೈಕೊಟ್ಟ ರೈತ, ಅಂಗಡಿ ಮುಚ್ಚಿದ ವ್ಯಾಪಾರಿ ನಮ್ಮ ಮನೆಗಳಲ್ಲೇ ಇದ್ದಾರೆ. ಅವರು ಬಂದು ಕುಳಿತಾಗ ನಾವು ಮೊದಲು ಕೇಳುವುದು “ಎಷ್ಟು ಬಂತು?” ಎಂದು. ಆ ಪ್ರಶ್ನೆಗೆ ಹೆದರಿಯೇ ಚೈನು ಹರಿಯುತ್ತದೆ. ಇದ್ದದ್ದನ್ನು ಇದ್ದಂತೆ ಹೇಳುವ ಧೈರ್ಯ ಸೋತವನಿಗೆ ಬೇಕು; ಅದನ್ನು ಹೇಳಿದರೂ ಅವನ ಸ್ಥಾನ ನಮ್ಮಲ್ಲಿ ಕುಂದುವುದಿಲ್ಲವೆಂಬ ಭರವಸೆಯನ್ನು ಕೇಳುವವರು ಕೊಡಬೇಕು. ಊರಿನ ಮನೆಯಲ್ಲಿ ಆ ಹಿತ್ತಾಳೆಯ ಕೊಡ ಈಗಲೂ ಅದೇ ಜಾಗದಲ್ಲಿದೆ. ಕಳೆದ ಬಾರಿ ರಜೆಗೆ ಹೋದಾಗ ನನ್ನ ಮಗಳು ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ನೋಡಲು ಬಂದ ನೆರೆಯವರಿಗೆ, “ಇದು ನಮ್ಮ ಅಜ್ಜ ಎರಡನೇ ನಂಬರ್ ಬಂದ ಕೊಡ” ಎಂದು ಹೇಳಿದಳು. ಪಕ್ಕದಲ್ಲಿ ಕುಳಿತಿದ್ದ ತಂದೆಯವರು ತಲೆಯಾಡಿಸಿದರು.